ಗೇಟು ದಾಟದೆ ಕೂತ ಸಂಜೆ

ತೊಂಬತ್ತಾರನೇ ಇಸವಿ ಇರಬೇಕು. ನನ್ನ ಮಗಳು ಆ ವರ್ಷವೇ ಒಂದನೇ ಕ್ಲಾಸಿಗೆ ಸೇರಿದ್ದಳು, ಹಾಗಾಗಿ ನೆನಪಿದೆ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಸಿಪ್ಪೆ ಬಿಟ್ಟು ಬಂದ ಬೀಜವನ್ನು ಸಿಮೆಂಟು ನೆಲದ ಮೇಲೆ ರಾಶಿ ಸುರಿಯುತ್ತಿದ್ದರು. ನಾವು ಹೆಂಗಸರು ಸುತ್ತ ಕೂತು ಕಲ್ಲು, ಒಡಕಲು, ಮುಗ್ಗು ಹಿಡಿದ ಬೀಜ ಎಲ್ಲ ಬೇರೆ ಮಾಡಬೇಕು. ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆಯ ಮೇಲೂ ಧೂಳು ಕೂತಿರುತ್ತಿತ್ತು.

ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಒಳಗೆ ಕೂತು ಎಷ್ಟು ಬೀಜ ತಿಂದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಒಂದು ಬೀಜವೂ ಗೇಟು ದಾಟಬಾರದು. ಸಂಜೆ ಸೈರನ್ ಆದ ಮೇಲೆ ಒಬ್ಬೊಬ್ಬರೇ ಗೇಟಿನ ಹತ್ತಿರ ನಿಂತು ಸೀರೆಯ ಉಡಿ ಬಿಚ್ಚಿ ಕೊಡವಬೇಕು. ಗೇಟು ಕಾಯುವ ರುದ್ರಣ್ಣ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಅನುಮಾನ ಬಂದರೆ ಸೊಂಟದ ಸುತ್ತ ಕೈಯಾಡಿಸುತ್ತಿದ್ದ. ನಮ್ಮ ಕಡೆ ಉಡಿ ಎಂದರೆ ತವರಿನವರು ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ತುಂಬಿ ಕಳಿಸುವ ಜಾಗ. ಅದನ್ನು ದಿನಾ ಒಬ್ಬ ಗಂಡಸಿನ ಮುಂದೆ ಕೊಡವುವಾಗ ನಾನು ಮುಖ ತಿರುಗಿಸಿಕೊಂಡು ರಸ್ತೆ ನೋಡುತ್ತಿದ್ದೆ. ಕೂಲಿಗೆ ಬಂದ ಮೇಲೆ ಇದೂ ಕೆಲಸವೇ ಎಂದುಕೊಂಡಿದ್ದೆ.

ಆಗ ಶಾಹಿನಾ ಎಂಬ ಹುಡುಗಿ ಹೊಸದಾಗಿ ಸೇರಿದಳು. ಗಂಡ ರಫೀಕ್ ಲಾರಿ ಮೆಕ್ಯಾನಿಕ್. ಅವಳಿಗೆ ಏಳು ತಿಂಗಳು ತುಂಬಿತ್ತು. ಒಂದು ಸಂಜೆ ರುದ್ರಣ್ಣ, "ಏನಮ್ಮಾ, ಎಷ್ಟು ಸೇರು ಕಟ್ಕಂಡೀಯ ಒಳಗೆ?" ಎಂದು ನಗುತ್ತಾ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿದ. ಮೂಟೆ ಹೊರುತ್ತಿದ್ದ ಹಮಾಲರೂ ನಕ್ಕರು. ಆ ಹುಡುಗಿ ಅಲುಗಾಡದೆ ನಿಂತುಬಿಟ್ಟಳು. ಹಿಂದೆ ನಿಂತಿದ್ದ ತಿಪ್ಪಕ್ಕ ಮುಂದೆ ಬಂದು, "ಕೈ ತಗಿ" ಎಂದಳು. ಕೂಗಲಿಲ್ಲ, ಬೈಯಲಿಲ್ಲ. ಅವನು ಕೈ ತೆಗೆದ.

ತಿಪ್ಪಕ್ಕ ಆಂಧ್ರದ ಗಡಿಗೆ ಹತ್ತಿರದ ದೇವಸಮುದ್ರದ ಕಡೆಯವಳು. ಐವತ್ತರ ಹತ್ತಿರದ ವಯಸ್ಸು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ಓದು ಬರಹ ಇರಲಿಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಅವಳೇ ಮಾತು ತೆಗೆದಳು. ನನ್ನ ಪಕ್ಕದ ಓಬಮ್ಮ, "ನಾಳೆಯಿಂದ ಯಾರೂ ಬರಾದು ಬ್ಯಾಡ" ಎಂದಳು.

"ನಾವು ಬರ್ದಿದ್ರೆ ಹಳ್ಳಿಯೋರು ಬರ್ತಾರೆ. ಅವರ ಉಡಿ ಹುಡುಕ್ತಾನೆ" ಎಂದಳು ತಿಪ್ಪಕ್ಕ. "ಕೆಲಸ ಬಿಡಾದು ಬ್ಯಾಡ. ಚೆನ್ನಾಗಿ ಮಾಡಾಣ. ಸಂಜೆ ಹೊರಗೆ ಹೋಗಾದು ಮಾತ್ರ ಬ್ಯಾಡ."

"ಇಲ್ಲೇ ಸಂಸಾರ ಹೂಡ್ತೀಯೇನೇ, ರುದ್ರಣ್ಣನ ಜತೆ?" ಎಂದು ಓಬಮ್ಮ ಅಂದಾಗ ಎಲ್ಲರೂ ನಕ್ಕೆವು. ಶಾಹಿನಾ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಾ ನಗುತ್ತಾ ಒಪ್ಪಿಕೊಂಡೆವೇನೋ.

ಅವತ್ತು ಸಂಜೆ ಸೈರನ್ ಆಯಿತು. ಯಾರೂ ಏಳಲಿಲ್ಲ. ಆಗ ತಿಪ್ಪಕ್ಕ ಒಂದು ಮಾತು ಹೇಳಿದಳು, ಅದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. "ನೋಡ್ರಮ್ಮಾ, ಯಾರ ಹತ್ರ ಆದ್ರೂ ಹಿಡಿ ಬೀಜ ಇದ್ರೆ ಈಗಲೇ ರಾಶಿಗೆ ಹಾಕಿಬಿಡ್ರಿ. ಮಕ್ಕಳಿಗೆ ಅಂತ ಇಟ್ಕಂಡಿರ್ತೀರಿ, ತಪ್ಪು ಅನ್ನಲ್ಲ. ಇವತ್ತು ಮಾತ್ರ ಬ್ಯಾಡ. ಎಲ್ರೂ ಕಣ್ಣು ಮುಚ್ಕಳ್ರಿ. ನಾನೂ ಮುಚ್ಕಂತೀನಿ."

ಕಣ್ಣು ಮುಚ್ಚಿದೆವು. ಆಮೇಲೆ ಒಂದು ಕಡೆ ಪಟಪಟ ಎಂದು ಬೀಜ ಬಿದ್ದ ಸದ್ದು. ಇನ್ನೊಂದು ಕಡೆ. ಮತ್ತೊಂದು. ಕಣ್ಣು ಬಿಟ್ಟಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಎಲ್ಲರೂ ನೆಟ್ಟಗೆ ಕೂತಿದ್ದೆವು.

ರುದ್ರಣ್ಣ ಬಂದು, "ಹೊತ್ತಾತು, ಎದ್ದೇಳ್ರಮ್ಮಾ" ಎಂದ.

"ನೀನು ಉಡಿಗೆ ಕೈ ಹಾಕಲ್ಲ ಅಂದ್ರೆ ಎದ್ದೇಳ್ತೀವಿ" ಎಂದಳು ತಿಪ್ಪಕ್ಕ.

"ಅದು ಸಾವ್ಕಾರ್ರ ಆರ್ಡರು."

"ಹಂಗಾರೆ ಸಾವ್ಕಾರ್ರನ್ನೇ ಕರೆಸು. ನಮಗೇನೂ ಅವಸರ ಇಲ್ಲ."

ಕಳ್ಳರು ಹೊರಗೆ ಹೋಗದ ಹಾಗೆ ಕಾಯಲು ಕೂತವನಿಗೆ, ಹೊರಗೇ ಹೋಗದವರನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸುದ್ದಿ ಓಣಿಗಳಿಗೆ ಹರಡಿ ಗಂಡಸರು ಗೇಟಿನ ಹೊರಗೆ ಸೇರಿದರು. ನನ್ನ ಯಜಮಾನರೂ ಬಂದರು. ಗೇಟಿನ ಕಂಬಿಯ ಸಂದಿಯಿಂದ, "ಏನಿದು? ಮುದ್ದೆ ಯಾರು ಮಾಡ್ಬೇಕು?" ಎಂದರು.

"ಹಿಟ್ಟು ಡಬ್ಬಿಲೈತೆ. ಇವತ್ತು ನೀವೇ ತೊಳಸ್ರಿ" ಎಂದೆ. ಅಂಥ ಮಾತನ್ನು ಅವರಿಗೆ ನಾನು ಆಡಿದ್ದು ಅದೇ ಮೊದಲು. ಜನ ನಕ್ಕರು. ಅವರೂ ತಲೆ ಕೆರೆದುಕೊಂಡರು.

ನಗು ಅಷ್ಟಕ್ಕೇ ನಿಂತಿತು. ರಫೀಕ್ ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಹಿಡಿದು ಓಡಿಬಂದ. ಅವನ ಹಿಂದೆ ಗ್ಯಾರೇಜಿನ ಹುಡುಗರು. ಕೆಲವರು ಕಲ್ಲು ಎತ್ತಿಕೊಂಡಿದ್ದರು. "ಎಲ್ಲಿ ಅವನು? ಹೊರಗೆ ಕಳಿಸ್ರಿ!" ರುದ್ರಣ್ಣ ಮೂಟೆಗಳ ಹಿಂದೆ ಸರಿದ. ತಿಪ್ಪಕ್ಕ ಎದ್ದು ಕಂಬಿಯ ಹತ್ತಿರ ಹೋದಳು.

"ಅದನ್ನ ಕೆಳಗಿಡಪ್ಪಾ."

"ಆಪಾ, ನನ್ನ ಹೆಂಡ್ತಿ ಮೈ ಮುಟ್ಟಿದಾನೆ ಅವ್ನು!"

"ಗೊತ್ತು. ನಾನೇ ನೋಡೀನಿ. ಈಗ ನೀನು ಅವನ ತಲೆ ಒಡೆದ್ರೆ, ನಾಳೆ ಊರೆಲ್ಲ ಅವನ ತಲೆ ಮಾತಾಡ್ತೈತೆ. ನಿನ್ನ ಹೆಂಡ್ತಿ ಮಾತು ಯಾರೂ ಆಡಲ್ಲ. ನಿಮ್ಮೋರು ನಮ್ಮೋರು ಅಂತ ಬ್ಯಾರೆ ಶುರುವಾಗ್ತೈತೆ. ಬ್ಯಾಡ ಕಣಪ್ಪಾ. ನಾವು ಕೂತೀವಲ್ಲ, ನೀನೂ ಆ ಕಡೆ ಕೂತ್ಕ."

ಅವನು ಶಾಹಿನಾಳ ಕಡೆ ನೋಡಿದ. ಅವಳು ಉರ್ದುವಿನಲ್ಲಿ ಏನೋ ಹೇಳಿದಳು. ಅವನು ಪಾನಾವನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಕಳಿಸಿ, ಧೂಳಿನಲ್ಲಿ ಕೂತ. ಕಲ್ಲು ಹಿಡಿದವರೂ ಒಬ್ಬೊಬ್ಬರಾಗಿ ಕೂತರು.

ದೀಪ ಹಚ್ಚುವ ಹೊತ್ತಿಗೆ ಮಿಲ್ಲಿನ ಸಾಹುಕಾರರು ಬಂದರು. ಹೊರಗೆ ಅಷ್ಟು ಜನ ಸುಮ್ಮನೆ ಕೂತದ್ದನ್ನು ಕಂಡು, ಸಿಟ್ಟಿಗಿಂತ ಹೆಚ್ಚು ಗಲಿಬಿಲಿ ಅವರ ಮುಖದಲ್ಲಿತ್ತು. "ಹುಡುಕದೆ ಬಿಟ್ರೆ ಕಳ್ಳತನ ಆಗಲ್ಲ ಅಂತ ಯಾರು ಜವಾಬ್ದಾರಿ?" ಎಂದರು.

"ನಾನು" ಎಂದಳು ತಿಪ್ಪಕ್ಕ.

"ನೀನೊಬ್ಬಳು ಎಷ್ಟು ಜನಕ್ಕೆ ಆಗ್ತೀಯ?"

ಆಗ ಒಂದು ದನಿ "ನಾನೂ" ಎಂದಿತು. ಅದು ನನ್ನದೇ ಎಂದು ತಿಳಿಯಲು ನನಗೇ ಒಂದು ಗಳಿಗೆ ಹಿಡಿಯಿತು. ಓಬಮ್ಮ "ನಾನೂ" ಎಂದಳು. ಆಮೇಲೆ ಆ ಮೂಲೆಯಿಂದ, ಈ ಮೂಲೆಯಿಂದ.

"ಸರಿ ಸರಿ, ಇವತ್ತು ಹಂಗೇ ಹೋಗ್ರಿ. ನಾಳೇದು ನಾಳೆ."

"ನಾಳೇದೂ ಈಗಲೇ ಹೇಳ್ಬಿಡ್ರಿ ಸಾವ್ಕಾರ್ರೇ. ಕೂತೇ ಇದೀವಲ್ಲ" ಎಂದಳು ತಿಪ್ಪಕ್ಕ.

ಸಾಹುಕಾರರು ಗೇಟಿನ ಹೊರಗೊಮ್ಮೆ, ನಮ್ಮ ಕಡೆಗೊಮ್ಮೆ ನೋಡಿದರು. ಕೊನೆಗೆ ರುದ್ರಣ್ಣನನ್ನು ಕರೆದು, "ನಾಳೆಯಿಂದ ಲಾರಿ ನೋಡ್ಕ. ಹೆಂಗಸರ ತಂಟೆ ಬ್ಯಾಡ" ಎಂದರು. ಶಾಹಿನಾಳನ್ನು ಮುಂದೆ ಬಿಟ್ಟುಕೊಂಡು ಹೊರಟೆವು. ಗೇಟಿನ ಹತ್ತಿರ ನನ್ನ ಕೈ ತಾನಾಗಿ ಉಡಿಯ ಗಂಟಿಗೆ ಹೋಯಿತು. ತಡೆದು ಕೆಳಗಿಳಿಸಿದೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಮುಂದಿನ ಹಂಗಾಮು ಶುರುವಾದಾಗ ಎಲ್ಲರಿಗೂ ಕರೆ ಬಂತು, ತಿಪ್ಪಕ್ಕನಿಗೆ ಬರಲಿಲ್ಲ. ಮೊದಲ ದಿನ ಬೆಳಿಗ್ಗೆ ಗೇಟಿನ ಹತ್ತಿರ ನಾವೆಲ್ಲ ಸೇರಿದ್ದೆವು. ಗೇಟು ತೆರೆಯಿತು. ಏನು ಮಾಡಬೇಕೆಂದು ಹೇಳುವವರು ಯಾರೂ ಇರಲಿಲ್ಲ. ನಾನು ಊಟದ ಡಬ್ಬಿಯನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಕೂತೆ. ಓಬಮ್ಮ ಕೂತಳು. ಶಾಹಿನಾ ಮಗುವನ್ನು ಕಂಕುಳಿನಿಂದ ಇಳಿಸಿ ಕೂತಳು. ಮಧ್ಯಾಹ್ನದೊಳಗೆ ಸಾಹುಕಾರರು ತಿಪ್ಪಕ್ಕನ ಮನೆಗೆ ಆಳು ಕಳಿಸಿದರು.

ಅವಳು ಸೆರಗು ಸಿಕ್ಕಿಸಿಕೊಂಡು ದಡದಡ ಬಂದಳು. ನಮ್ಮನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು, "ಯಾರ್ರೇ ನಿಮಗೆ ಕೂಡಾಕೆ ಹೇಳಿದ್ದು?" ಎಂದು ಬೈದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಹೇಳಿರಲಿಲ್ಲ. ಬೈಯುತ್ತಲೇ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ತಿಪ್ಪಕ್ಕ ಈಗಿಲ್ಲ. ತಾಲ್ಲೂಕು ಆಫೀಸಿನ ಮುಂದೆ ಯಾರಾದರೂ ಧರಣಿ ಕೂತಿದ್ದರೆ ನಾನು ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ. ಮೈಕ್ ಹಿಡಿದವರನ್ನಲ್ಲ. ಹಿಂದಿನ ಸಾಲಿನಲ್ಲಿ, ಮೊದಲ ಸಲ ಬಂದು, ಕೂರಬೇಕೋ ಬೇಡವೋ ಎಂದು ನಿಂತಿರುವ ಹೆಂಗಸರನ್ನು. ಅವರು ಕೂರುವವರೆಗೂ ನನಗೆ ಅಲ್ಲಿಂದ ಕಾಲು ಕೀಳಲು ಆಗುವುದಿಲ್ಲ.