ಅವ್ವ ಸಬ್ಬಸಗಿ ಅಂದುಕೊಂಡ ಸೊಪ್ಪು

ಹಿಮಾಚಲದ ಈ ಗುಡ್ಡದೂರಿಗೆ ಬಂದ ಮರುದಿನ ಬೆಳಿಗ್ಗೆ ಬಾಡಿಗೆ ಮನೆಯೊಡತಿ ಅಂಗಳದ ಕಳೆ ಕಿತ್ತು, ತೊಳೆದು, ಮೊಸರಿಗೆ ಹೆಚ್ಚಿ ಹಾಕಿ ನನ್ನ ಮುಂದಿಟ್ಟಳು. ‘ತಿನ್ನು ಬೇಟಿ’ ಅಂದಳು. ಬೇಟಿ ಅಂದರೆ ಮಗಳು. ನಮ್ಮೂರು ಹುಲಿಹೈದರದಲ್ಲಿ ಅಂಥದ್ದನ್ನು ಎಮ್ಮೆಯ ಮುಂದೆ ಚೆಲ್ಲುತ್ತಾರೆ. ಕಹಿ ಕಹಿ. ಆದರೂ ತಿಂದೆ, ಬಂದ ಊರಲ್ಲಿ ಮೊದಲ ದಿನವೇ ಮುಖ ಕಿವುಚಬಾರದು.

ಆ ಗಿಡಕ್ಕೆ ಇಂಗ್ಲಿಷಿನಲ್ಲಿ ‘ಯ್ಯಾರೋ’, ಇಲ್ಲಿ ‘ಗಂದನಾ’ ಅನ್ನುತ್ತಾರೆ. ಎಲೆ ಥೇಟ್ ಸಬ್ಬಸಗಿಯಂತೆ. ಎಳೆ ಎಲೆ ತಿನ್ನುತ್ತಾರೆ, ಒಣಗಿಸಿದ ಹೂ ಕುದಿಸಿ ಜ್ವರಕ್ಕೆ ಕುಡಿಯುತ್ತಾರೆ, ಕುಡುಗೋಲು ತಾಗಿದರೆ ಎಲೆ ಅರೆದು ಗಾಯಕ್ಕೆ ಒತ್ತುತ್ತಾರೆ.

ನಾನು ಔಷಧಿ ಗಿಡಗಳ ನರ್ಸರಿಯಲ್ಲಿ ದುಡಿಯುತ್ತೇನೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು, ಅದೂ ತೋಟಗಾರಿಕೆಯಲ್ಲಿ. ಅವ್ವ ಗಂಗಾವತಿ ಕಡೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ಓದಿಸಿದಳು. ನರ್ಸರಿಯವರಿಗೆ ಅದು ಲೆಕ್ಕಕ್ಕಿರಲಿಲ್ಲ. ‘ಮದ್ರಾಸಿ ಹುಡುಗಿಗೆ ಚಳಿ ಸೀಮೆಯ ಗಿಡ ಏನು ಗೊತ್ತು?’ ಅಂತ ಮುಖದ ಮೇಲೇ ಅಂದರು. ಮದ್ರಾಸನ್ನು ನಾನು ನೋಡೇ ಇಲ್ಲ! ಅವರು ಗೊಬ್ಬರ ಸುರಿದು ನೀರು ಹಾಯಿಸಿದ ಗಂದನಾ ಮಡಿ ಉದ್ದುದ್ದ ಬೆಳೆದು ಮಲಗಿತು. ನಾನು ಕಲ್ಲು ನೆಲದಲ್ಲಿ ಬೇರು ಸೀಳಿ ನೆಟ್ಟೆ, ನೀರು ಕಡಿಮೆ ಕೊಟ್ಟೆ. ನೀರು ನಿಲ್ಲದ ಕೆಂಪು ಮಸಾರಿ ಹೊಲದಲ್ಲಿ ಬೆಳೆದವಳಿಗೆ ಅಷ್ಟೂ ತಿಳಿಯದೇ? ನನ್ನ ಮಡಿ ನೆಟ್ಟಗೆ ನಿಂತಿತು. ಆಮೇಲೆ ಮದ್ರಾಸಿ ಹೋಗಿ ಮೇಡಂ ಆದೆ.

ಆ ಸೊಕ್ಕಿನಲ್ಲೇ ದೀಪಾವಳಿಗೆ ಊರಿಗೆ ಒಂದಷ್ಟು ಬೇರು ಒಯ್ದು ಹಿತ್ತಲ ನೆರಳಿಗೆ ನೆಟ್ಟೆ. ಗಾಯಕ್ಕೆ ಇರಲಿ, ಬಸುರಿಯರಿಗೆ ಮಾತ್ರ ಬ್ಯಾಡ ಅಂತ ಅವ್ವನಿಗೆ ಒತ್ತಿ ಹೇಳಿದ್ದೆ.

ಮೊನ್ನೆ ಫೋನಿನಲ್ಲಿ ತಂಗಿ ಮಂಜುಳಾ, ಹೆರಿಗೆಗೆ ತವರಿಗೆ ಬಂದಿರುವಾಕೆ, ನಗುತ್ತ ಅಂದಳು: ‘ಅಕ್ಕಾ, ನಿನ್ನ ಗುಡ್ಡದ ಸಬ್ಬಸಗಿ ದಿನಾ ಬ್ಯಾಳ್ಯಾಗ ಹಾಕಿ ಉಣಸಾಕತ್ತಾಳ ಅವ್ವ. ಭಾಳ ಕಹಿ ಐತಿ.’

ಬಾಣಂತಿಗೆ ಹಾಲು ಛಲೋ ಬರಲಿ ಅಂತ ಸಬ್ಬಸಗಿ ಉಣ್ಣಿಸುವುದು ನಮ್ಮ ರೂಢಿ. ಎಲೆ ಹಾಗೇ ಕಂಡಿದ್ದಕ್ಕೆ ಇದೂ ಸಬ್ಬಸಗಿಯ ಜಾತಿಯೇ ಅಂದುಕೊಂಡು ಅವ್ವ ಹೆರಿಗೆಗೂ ಮೊದಲೇ ಶುರು ಮಾಡಿದ್ದಳು. ಗಂದನಾ ಗರ್ಭಕೋಶವನ್ನು ಕೆರಳಿಸಬಹುದು. ನನಗೆ ಮೈಯೆಲ್ಲ ಉರಿಯಿತು. ಫೋನ್ ಅವ್ವನಿಗೆ ಕೊಡಿಸಿದೆ.

‘ಅವ್ವಾ, ಏನ್ ಹೇಳಿದ್ದೆ ನಾ?’

‘ನೀ ಅಲ್ಲಿ ತಿಂತಿಯಲ್ಲ, ನಿನಗೇನಾಗೇತಿ?’

‘ನಾ ಬಸರ ಅದೀನೇನ?’

‘ಮದುವೀನ ಒಲ್ಲೆ ಅಂತಿ, ಎಲ್ಲಿ ಬಸರಾಗ್ತಿ! ನಾಕು ಹಡದಾಕಿ ನಾನು. ನನಗ ಸೊಪ್ಪಿಂದು ಕಲಿಸಾಕ ಬಂದಾಳ ನೋಡು.’

‘ನನ್ನ ಮಾತು ಕೇಳಂಗಿಲ್ಲಂದ್ರ ಕೆಸರಾಗ ನಿಂತು ಯಾಕ ಓದಿಸಿದಿ?’

ಅವ್ವ ಫೋನ್ ತಂಗಿಯ ಕೈಗಿಟ್ಟಳು. ನಾನು ಬಿಡಲಿಲ್ಲ, ಮರುದಿನ ಅವ್ವನೇ ತಂಗಿಯನ್ನು ಗಂಗಾವತಿಯ ಆಸ್ಪತ್ರೆಗೆ ಕರೆದೊಯ್ಯುವ ಹಾಗೆ ಮಾಡಿದೆ. ಕೂಸು ಚೆನ್ನಾಗಿದೆ, ಆ ಸೊಪ್ಪು ನಿಲ್ಲಿಸಿ ಅಂದರು ಡಾಕ್ಟರು. ಅವ್ವ ‘ಹೂಂ ರೀ’ ಅಂದಳಂತೆ. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೇ. ಅದೇ ಮಾತು ನನ್ನ ಬಾಯಲ್ಲಿ ಬಂದಾಗ ಸೊಕ್ಕಾಗಿತ್ತು. ಪರರ ಊರಲ್ಲಿ ನನ್ನ ಮಾತಿಗೆ ಬೆಲೆ ಇದೆ, ಆದರೆ ಸಿಟ್ಟು ಮಾಡಿಕೊಳ್ಳಲು ನನ್ನವರೊಬ್ಬರೂ ಇಲ್ಲ.

ಆಸ್ಪತ್ರೆಯಿಂದ ಬಂದ ಸಂಜೆಯೇ ತಂಗಿ ವಿಡಿಯೊ ಕಾಲ್ ಮಾಡಿದಳು. ಅವ್ವ ಹಿತ್ತಲಲ್ಲಿ ಗುದ್ದಲಿ ಹಿಡಿದು ಗಿಡವನ್ನೆಲ್ಲ ಬೇರು ಸಮೇತ ಅಗೆಯುತ್ತಿದ್ದಳು. ಮಣ್ಣು ಕೊಡವಿ ಒಂದು ಹಿಡಿ ಎತ್ತಿ ತೋರಿಸಿದಳು.

‘ತಗೊ, ನಿಂದು ಅಂತ ಏನೂ ಬಿಟ್ಟಿಲ್ಲ ಇಲ್ಲಿ. ಸಮಾಧಾನ ಆತೇನ?’

ಆಗಿರಲಿಲ್ಲ. ‘ಆತು’ ಅಂದೆ.