ಆಫ್ ಮಾಡಿದರೂ ಉರಿದ ಹೀಟರ್

ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟದ ಕ್ಯಾಂಪ್‌ಗ್ರೌಂಡ್. ಬೆಳಗಿನ ವಾಕ್ ಮುಗಿಸಿ ಬಂದು, ನಮ್ಮ ಟ್ರಕ್ಕಿನ ಮೇಲೆ ಕೂರಿಸಿದ, ಪುಟ್ಟ ಮನೆಯಂಥ ಕ್ಯಾಂಪರ್‌ನ ಬಾಗಿಲು ತೆಗೆದೆ. ಬಿಸಿಗಾಳಿ ಮುಖಕ್ಕೆ ರಾಚಿತು. ಒಳಗೆ ಅಮ್ಮ ಬೆವರಲ್ಲಿ ತೊಯ್ದು ನೆಲದ ಮೇಲೆ ಕೂತಿದ್ದಳು. ಬಿಸಿ ಹೆಚ್ಚು ಕಡಿಮೆ ಮಾಡುವ ಥರ್ಮೋಸ್ಟಾಟ್ ಆಫ್ ಆಗಿತ್ತು, ಹೀಟರ್ ಮಾತ್ರ ಉರಿಯುತ್ತಲೇ ಇತ್ತು. ಅಮ್ಮನನ್ನು ಹೊರಗೆ ಕೂರಿಸಿ, ನೀರು ಕೊಟ್ಟು, ಹೀಟರಿಗೆ ಹೋಗುವ ಗ್ಯಾಸ್ ಬಂದ್ ಮಾಡಿದೆ.

ಪಕ್ಕದ ಕ್ಯಾಂಪರ್‌ನ ಅಮೆರಿಕನ್ ಅಜ್ಜಿ ವಿಷಯ ಕೇಳಿ, ಕೆಟ್ಟಿರೋದು ಥರ್ಮೋಸ್ಟಾಟೇ ಎಂದು ತಮ್ಮಲ್ಲಿದ್ದ ಹೊಸದೊಂದನ್ನು ತಂದುಕೊಟ್ಟರು. ಇದ್ದದ್ದು ಎರಡೇ ವೈರು. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದೆ. ಗ್ಯಾಸ್ ಮತ್ತೆ ತೆರೆದು ಹೀಟರ್ ಹಚ್ಚಿ ನೋಡಿದೆ. ಈಗ ಆಫ್ ಮಾಡಿದ ಕೂಡಲೇ ಹೀಟರ್ ನಿಂತಿತು.

"ಬಾಗಿಲು ತೆಗೆದು ಹೊರಗೆ ಬರೋದಲ್ವೇನಮ್ಮ?"

"ಹ್ಯಾಂಡಲ್ ಯಾವ ಕಡೆ ತಿರುಗಿಸಬೇಕೋ ಗೊತ್ತಾಗ್ಲಿಲ್ಲ ಕಣೋ. ಮುರಿದುಹೋದ್ರೆ ನೀನು ಬೈತೀಯ ಅಂತ ಸುಮ್ಮನೆ ಕೂತೆ."

ಅವಳ ಕೈ ಹಿಡಿದು ಹ್ಯಾಂಡಲ್ ಮೇಲಿಟ್ಟು, ತಿರುಗಿಸೋದು ಹೇಗೆಂದು ತೋರಿಸಿದೆ.