ಕಾಶವ್ವ ಸಾಲು ಸೀಳಿದ್ದು

ಪುಣೆಯ ಶಿವಾಜಿನಗರದ ನಮ್ಮ ಚಾಳಿನಲ್ಲಿ ಕಾಶವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳು ಬಡಿಯತೊಡಗಿದರೆ ಸ್ಟೇಷನ್ನಿನಲ್ಲಿ ನಿಂತ ಲೋಕಲ್ ರೈಲು ಗುಡುಗು ಬಂತೆಂದು ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ರೊಟ್ಟಿ ಎಷ್ಟು ತೆಳುವೆಂದರೆ ಅದನ್ನು ಅಡ್ಡ ಹಿಡಿದೇ ಪೇಪರು ಓದಬಹುದು. ಕೋರ್ಟಿನ ವಕೀಲರೊಬ್ಬರು ಹಾಗೆ ಕಾಗದ ಓದಿ ಕೇಸನ್ನೂ ಗೆದ್ದರಂತೆ.

ಲಾರಿ ಓಡಿಸುತ್ತಿದ್ದ ಗಂಡ ತೊಂಬತ್ತರ ದಶಕದ ಕೊನೆಗೆ ತೀರಿಕೊಂಡ. ಅವಳಿಗೆ ಬಿಟ್ಟುಹೋದದ್ದು ಒಂದು ಟ್ರಂಕು ಮತ್ತು ಎಚ್‌ಐವಿ. ಸುದ್ದಿ ತಿಳಿದ ದಿನ ಪಕ್ಕದ ಮನೆಯ ಬೆಳಗಾವಿಯ ಅಂಬಾಬಾಯಿ ನಲ್ಲಿಯ ಬಳಿ ಇಟ್ಟ ತನ್ನ ಕೊಡವನ್ನು ದೂರ ಸರಿಸಿದಳು. ಸರಿಸಿದಳು ಅಂದರೆ, ಅದು ಊರಾಚೆಯ ವಾಕಡ ಮುಟ್ಟಿತು.

ಕಾಶವ್ವ ಜಗಳಕ್ಕೆ ಹೋಗಲಿಲ್ಲ. "ಅಂಬಕ್ಕಾ, ಇದು ಕೊಡದಿಂದ ಕೊಡಕ್ಕ ಜಿಗಿಯಾಕ ಕಪ್ಪಿ ಅಲ್ಲವಾ," ಎಂದು ನಕ್ಕಳು. ಅವಳ ನಗುವಿಗೂ ಶೇಂಗಾ ಚಟ್ನಿಯ ವಾಸನೆಗೂ ಸೋತು ಕೊಡ ಗೇಣು ಗೇಣಾಗಿ ಹಿಂದೆ ಬಂತು. ಕೊನೆಗೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣತೊಡಗಿದರು.

ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ ಹಂದಿಜ್ವರ ಬಂತು. ಪುಣೆಯಲ್ಲಿ ಮಾಸ್ಕ್ ಇಲ್ಲದ ಮೂಗು ಎಮ್ಮೆಗಳಿಗೆ ಮಾತ್ರ ಉಳಿಯಿತು. ಕಾಶವ್ವನಿಗೆ ಪ್ರತಿ ತಿಂಗಳು ಮಾತ್ರೆ ಕೊಡುವ ಡಾಕ್ಟರು ಮೊದಲೇ ಎಚ್ಚರಿಸಿದ್ದರು: ನಿಮ್ಮಂಥವರಿಗೆ ಈ ಫ್ಲೂ ಎದೆಗಿಳಿದರೆ ಜೀವಕ್ಕೇ ಕುತ್ತು, ಮೈ ಬಿಸಿಯಾದ ದಿನವೇ ಓಡಿ ಬನ್ನಿ.

ಒಂದು ಬೆಳಿಗ್ಗೆ ಅವಳ ಹಣೆಯ ಮೇಲೆ ರೊಟ್ಟಿ ಬೇಯುವಷ್ಟು ಜ್ವರ.

"ಏಳು, ದವಾಖಾನಿಗೆ ನಡಿ," ಎಂದಳು ಅಂಬಾಬಾಯಿ.

"ನಾಳೆ ಹೋಗೂಣಂತ. ಇವತ್ತ ಭಾಳ ಗದ್ಲ ಇರ್ತದ."

"ನಾಳೆ ನಿನ್ನ ಹೊರಾಕ ನಾಕ ಮಂದಿ ಬೇಕಾಗ್ತಾರ. ನಾ ಒಬ್ಬಾಕಿ ಸಾಲುವಾಗನ ಏಳು!"

ಆಸ್ಪತ್ರೆಯ ಸಾಲಿನ ಬಾಲ ನದಿ ದಾಟಿತ್ತು. ಜನ ಸೀನಲು ಮಾಸ್ಕ್ ಕೆಳಗೆಳೆದು, ಸೀನಿ, ಮತ್ತೆ ಶಿಸ್ತಾಗಿ ಮೇಲೇರಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾಶವ್ವನಿಗೆ ಉಸಿರು ಮೇಲಕ್ಕೇ ಹತ್ತದಾಯಿತು. ಸಾಲು ಮಾತ್ರ ಕದಲಲಿಲ್ಲ.

"ಹೇಳಲೇನ, ಕಾಶಿ?" ಅಂಬಾಬಾಯಿ ಪಿಸುಗುಟ್ಟಿದಳು.

"ನೀ ಬ್ಯಾಡ. ನನ್ನ ರೋಗ, ನಾನ ಹೇಳ್ತೀನಿ."

ರೊಟ್ಟಿ ಮಾರಿ ಪಳಗಿದ ದನಿಯಲ್ಲಿ ಉಳಿದಷ್ಟನ್ನೂ ಒಟ್ಟುಮಾಡಿ ಮರಾಠಿಯಲ್ಲಿ ಕೂಗಿದಳು: "ದಾದಾ, ಮಲಾ ಎಚ್‌ಐವಿ ಆಹೆ, ತಾಪ ಆಲಾಯ, ಪುಢೇ ಜಾವೂ ದ್ಯಾ!" ಎಚ್‌ಐವಿ ಇದೆ, ಜ್ವರ ಬಂದಿದೆ, ಮುಂದೆ ಬಿಡಿ ಎಂದು.

ಸಾಸವಡದ ದಾರಿಯಲ್ಲಿ ಪಂಢರಪುರಕ್ಕೆ ಹೊರಟ ಪಾಲಖಿ ಬಂದಾಗಲೂ ಜನ ಅಷ್ಟು ಅಗಲ ದಾರಿ ಬಿಟ್ಟದ್ದಿಲ್ಲ. ಪಕ್ಕ ನಿಂತರೆ ಅಂಟದ ರೋಗಕ್ಕೆ ಹೆದರಿ ಎಲ್ಲರೂ ಹಾರಿ ಬಿದ್ದದ್ದು ಎಲ್ಲಿಗೆ? ಅಂಟುವ ರೋಗದವರ ಹೆಗಲಿಗೆ! ಅಂಬಾಬಾಯಿಯ ಕೈ ಹಿಡಿದು ಕಾಶವ್ವ ಮದುವಣಗಿತ್ತಿಯಂತೆ ನಡುವೆ ನಡೆದು ಡಾಕ್ಟರ ಮೇಜು ಮುಟ್ಟಿದಳು. ಅವರು ಎದೆಗೆ ಕೊಳವೆ ಇಟ್ಟವರೇ ಒಳಗೆ ಮಲಗಿಸಿಕೊಂಡು ಆಕ್ಸಿಜನ್ ಹಚ್ಚಿ, ಹಂದಿಜ್ವರದ ಮಾತ್ರೆ ಶುರುಮಾಡಿದರು. ಮುಂದಿನ ವಾರ ಅವಳು ಹಪ್ಪಳದಂತೆ ತೆಳ್ಳಗಾಗಿ ಚಾಳಿಗೆ ಮರಳಿದಳು. ಫ್ಯಾನು ಹಾಕಲು ನಮಗೇ ಹೆದರಿಕೆ.

ಅಂಬಾಬಾಯಿ ಗಂಜಿ ತಂದು ಬಾಗಿಲಿಗೆ ಬಂದಳು. ಬಂದವಳೇ ಸೀನಿದಳು.

"ಅಲ್ಲೇ ನಿಲ್ಲು! ಹಿಂದ ಸರಿ!" ಕಾಶವ್ವ ಚೀರಿದಳು.

"ಅಯ್ಯ ಶಿವನ! ಎಷ್ಟ ದೂರ ಸರೀಲಿ?"

"ಆವತ್ತ ನಿನ್ನ ಕೊಡ ಹೋಗಿತ್ತಲ್ಲ, ಅಲ್ಲೀತನಕ."

ಅಂಬಾಬಾಯಿ ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು ನಲ್ಲಿಯ ಕಟ್ಟೆಯವರೆಗೆ ಹೋಗಿ ಕೂತಳು. ಅಲ್ಲಿಂದಲೇ ಕೂಗಿದಳು: "ಉಪ್ಪು ಸರಿ ಅದನೋ ಇಲ್ಲೋ?"

"ಇಲ್ಲ! ನಾಳೆ ಸರಿ ಮಾಡ್ಕೊಂಬಾ!"